ಹಿಂಜವಾಡಿಯ ಹೊಳೆ, ಎರಡು ದೇಶದ ಪದವಿ

ಜಾಗತಿಕ ರಾಜಕಾರಣದಲ್ಲಿ ಜಂಟಿ ಪಿಎಚ್‌.ಡಿ. ಮಾಡಲು ಹೊರಟವರು ಪ್ರಬಂಧಕ್ಕೆ ಕೈಹಾಕುವ ಮೊದಲು ಕೋರ್ಸ್‌ವರ್ಕ್ ಮುಗಿಸಬೇಕು. ಓದುವ ತರಗತಿ ಬ್ರಸೆಲ್ಸ್‌ನಲ್ಲಿರಬಹುದು, ಶಾಂಘೈನಲ್ಲಿರಬಹುದು. ಕೇಳಬೇಕಾದ ಪ್ರಶ್ನೆ ಮಾತ್ರ ಪುಣೆಯ ವಾಕಡ್ ಸೇತುವೆಯ ಕೆಳಗೆ ದಿನವೂ ಹರಿಯುತ್ತಿದೆ. ಆ ನೀರು ಕೊನೆಗೆ ಬರುವುದು ಕಲಬುರಗಿಗೆ!

ಬೆಳಗಿನ ಐದೂವರೆ. ಜುಲೈ ಮಳೆ ಬಿಟ್ಟೂ ಬಿಡದೆ ಹನಿಯುತ್ತಿದೆ. ರಾತ್ರಿಯಿಡೀ ಓಡಿಬಂದ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಸ್ಲೀಪರ್ ಬಸ್ಸುಗಳು ಪುಣೆಯ ವಾಕಡ್‌ನಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಕಣ್ಣುಜ್ಜಿಕೊಳ್ಳುತ್ತ ಇಳಿಯುವವರಲ್ಲಿ ಹೆಚ್ಚಿನವರು ಇಪ್ಪತ್ತೈದರಿಂದ ಮೂವತ್ತರ ಹರೆಯದವರು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ‘ಹಿಂಜವಡಿ, ಹಿಂಜವಡಿ’ ಎಂದು ಆಟೊದವರು ಕೂಗುತ್ತಾರೆ.

ಇಳಿಯುವ ಕೆಲವೇ ನಿಮಿಷ ಮೊದಲು, ಬಾಲೇವಾಡಿ ದಾಟಿದೊಡನೆ, ಬಸ್ಸು ಒಂದು ಸೇತುವೆ ಹಾಯ್ದಿರುತ್ತದೆ. ಆ ಹೊತ್ತಿನಲ್ಲಿ ಚಪ್ಪಲಿ ಹುಡುಕುವ ಗಡಿಬಿಡಿ, ಕೆಳಗೆ ನೋಡುವವರು ಯಾರೂ ಇಲ್ಲ. ಕೆಳಗೆ ಇರುವುದು ಮುಳಾ ನದಿ.

ಹಿಂಜವಾಡಿ ಇರುವುದು ಮುಳಶಿ ತಾಲ್ಲೂಕಿನಲ್ಲಿ. ಊರ ದೇವರು ಮ್ಹಾತೋಬಾ. ಆ ಹಳ್ಳಿಯ ಹೊಲಗಳ ಮೇಲೆ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕ್ ಎದ್ದಿತು, ಲಕ್ಷಾಂತರ ಜನ ಕೆಲಸಕ್ಕೆ ಬಂದರು. ಇಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿಕೊಂಡಿರುವ ಇನ್ಫೊಸಿಸ್ ಹುಟ್ಟಿದ್ದೂ ಪುಣೆಯಲ್ಲೇ, 1981ರಲ್ಲಿ. ಬೆಂಗಳೂರಿಗೆ ಹೋದದ್ದು ಆಮೇಲೆ. ನ್ಯೂಯಾರ್ಕ್‌ನ ಬ್ಯಾಂಕಿಗೆ, ಜರ್ಮನಿಯ ಕಾರು ಕಂಪನಿಗೆ ಇಲ್ಲಿಂದಲೇ ರಾತ್ರಿಪಾಳಿ ನಡೆಯುತ್ತದೆ. ಜಗತ್ತು ಎಂಬ ಮಾತು ಈ ಬೀದಿಗಳಲ್ಲಿ ದಿನಬಳಕೆಯದು.

ಇಲ್ಲಿ ದುಡಿಯುವವರ ನಡುವೆ ಒಂದು ಸಣ್ಣ ಗುಂಪು ಈಗ ಬೇರೆ ಲೆಕ್ಕ ಹಾಕುತ್ತಿದೆ. ಜಗತ್ತಿಗಾಗಿ ಕೋಡ್ ಬರೆದದ್ದಾಯಿತು, ಜಗತ್ತು ನಡೆಯುವ ಬಗೆಯನ್ನು ಓದಬೇಕು ಅನ್ನುವವರು. ಜುಲೈ ಎಂದರೆ ಪಿಎಚ್‌.ಡಿ. ಪ್ರವೇಶದ ಋತು. ಅದರ ಜತೆಗೆ ಹೊಸದೊಂದು ಕುತೂಹಲವೂ ಸೇರಿಕೊಂಡಿದೆ. 2022ರಿಂದ ಭಾರತದ ಮತ್ತು ವಿದೇಶದ ವಿಶ್ವವಿದ್ಯಾಲಯಗಳು ಸೇರಿ ಜಂಟಿ ಪದವಿ ಕೊಡಲು ಯುಜಿಸಿ ದಾರಿ ಮಾಡಿದೆ. ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರ ಮೇ ತಿಂಗಳಲ್ಲಿ ಒಪ್ಪಿಗೆಪತ್ರ ಸಿಕ್ಕಿದೆ. ‘ಎರಡು ದೇಶದ ಡಾಕ್ಟರೇಟ್’ ಎಂಬ ಮಾತು ಪಿ.ಜಿ. ಕೋಣೆಗಳ ಹರಟೆಯೊಳಕ್ಕೂ ಬಂದಿದೆ.

ಜಂಟಿ ಎಂಬ ಪದ ನಮಗೆ ಹೊಸದಲ್ಲ. ಅಣ್ಣತಮ್ಮಂದಿರ ಹೆಸರು ಒಂದೇ ಪಹಣಿಯಲ್ಲಿ ಕೂತರೆ ಅದು ಜಂಟಿ ಖಾತೆ. ಹೊಲ ಒಂದೇ, ಹೊಣೆ ಇಬ್ಬರದು, ಒಬ್ಬನ ಸಹಿ ಇಲ್ಲದೆ ಇನ್ನೊಬ್ಬ ಮಾರುವಂತಿಲ್ಲ. ಜಂಟಿ ಪಿಎಚ್‌.ಡಿ.ಯ ಕಟ್ಟುಪಾಡೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಜಂಟಿ, ದ್ವಿಪದವಿ, ಟ್ವಿನಿಂಗ್: ಯಾವುದು ಏನು?
ಟ್ವಿನಿಂಗ್: ಓದಿನ ಒಂದು ಭಾಗ ವಿದೇಶದಲ್ಲಿ, ಪದವಿ ಕೊಡುವುದು ಭಾರತದ ಸಂಸ್ಥೆ ಮಾತ್ರ.
ಜಂಟಿ ಪದವಿ: ಪಠ್ಯಕ್ರಮವನ್ನು ಎರಡೂ ಸಂಸ್ಥೆಗಳು ಸೇರಿ ರೂಪಿಸುತ್ತವೆ. ಎರಡರ ಲಾಂಛನವೂ ಇರುವ ಒಂದೇ ಪದವಿಪತ್ರ.
ದ್ವಿಪದವಿ: ಎರಡೂ ಸಂಸ್ಥೆಗಳು ಬೇರೆ ಬೇರೆಯಾಗಿ, ಏಕಕಾಲಕ್ಕೆ ಪದವಿ ಕೊಡುತ್ತವೆ.
ಜಂಟಿ ಪಿಎಚ್‌.ಡಿ. ಆದರೆ: ಎರಡೂ ಕಡೆ ಒಬ್ಬೊಬ್ಬ ಗೈಡ್. ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್ ವಾಸ. ಸಲ್ಲಿಸುವ ಪ್ರಬಂಧ ಮಾತ್ರ ಒಂದೇ.

ಯುರೋಪಿನಲ್ಲಿ ಈ ಪದ್ಧತಿ ಆಗಲೇ ಬೇರುಬಿಟ್ಟಿದೆ. ಜಾಗತಿಕ ರಾಜಕಾರಣದ ಮಟ್ಟಿಗೆ ಹೆಸರುವಾಸಿಯಾದದ್ದು ‘ಜೆಮ್’ ಎಂಬ ಜಂಟಿ ಡಾಕ್ಟರೇಟ್. ಜಾಗತೀಕರಣ, ಯುರೋಪ್ ಮತ್ತು ಬಹುಪಕ್ಷೀಯತೆ ಅದರ ವಿಷಯ. ಎರಾಸ್ಮಸ್ ಮುಂಡಸ್ ಯೋಜನೆಯಡಿ 2010ರ ಹೊತ್ತಿಗೆ ಶುರುವಾದ ಇದನ್ನು ನಡೆಸಿದ್ದು ಬ್ರಸೆಲ್ಸ್‌ನ ಫ್ರೀ ಯೂನಿವರ್ಸಿಟಿ. ಜಿನೀವಾ, ಇಂಗ್ಲೆಂಡಿನ ವಾರಿಕ್, ರೋಮ್‌ನ ಲುಯಿಸ್, ಟೋಕಿಯೊದ ವಸೇಡಾ, ಶಾಂಘೈನ ಫುಡಾನ್ ಅದರ ಪಾಲುದಾರರು. ಒಬ್ಬ ಸಂಶೋಧಕ ಬ್ರಸೆಲ್ಸ್‌ನಲ್ಲಿ ಒಬ್ಬ ಗೈಡ್ ಎದುರು ಕೂತು ಒಂದು ಅಧ್ಯಾಯ ಬರೆಯುತ್ತಾನೆ, ಅದನ್ನೇ ಹೊತ್ತು ಶಾಂಘೈಗೆ ಹೋಗಿ ಇನ್ನೊಬ್ಬ ಗೈಡ್ ಎದುರು ಸಮರ್ಥಿಸಿಕೊಳ್ಳುತ್ತಾನೆ. ಬ್ರಸೆಲ್ಸ್‌ನಲ್ಲಿ ಎಲ್ಲರೂ ಒಪ್ಪಿದ ಒಂದು ವಾಕ್ಯವನ್ನು ಶಾಂಘೈನಲ್ಲಿ ಯಾರೂ ಒಪ್ಪದೇ ಇರಬಹುದು. ಈ ಪದವಿಯ ನಿಜವಾದ ಲಾಭವನ್ನು ನಾನು ಕಾಣುವುದು ಅಲ್ಲಿಯೇ.

ಹಿಂಜವಾಡಿಯ ಮಟ್ಟಿಗೆ ಪರದೇಶದಲ್ಲಿ ಓದುವ ಮಾತು ಇನ್ನೊಂದು ಕಥೆಯನ್ನು ನೆನಪಿಗೆ ತರುತ್ತದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಹಾಸ್ಟೆಲ್ ರೆಕ್ಟರ್ ಆಗಿದ್ದ ಎಸ್‌.ಬಿ. ಮುಜುಮ್ದಾರ್ ಒಮ್ಮೆ ಹುಡುಗರ ಹಾಸ್ಟೆಲ್ಲಿನ ಕಿಟಕಿಯಲ್ಲಿ ಒಬ್ಬ ಹುಡುಗಿ ಏನನ್ನೋ ಒಳಕ್ಕೆ ಕೊಡುತ್ತಿರುವುದನ್ನು ಕಂಡರು. ವಿಚಾರಿಸಿದರೆ ಒಳಗೆ ಮಾರಿಷಸ್‌ನ ವಿದ್ಯಾರ್ಥಿ ಕಾಮಾಲೆಯಿಂದ ಮಲಗಿದ್ದ. ನೋಡಿಕೊಳ್ಳುವವರಿರಲಿಲ್ಲ, ಹುಡುಗಿ ಊಟ ತಂದುಕೊಡುತ್ತಿದ್ದಳು. ಪರದೇಶದಿಂದ ಓದಲು ಬಂದ ಮಕ್ಕಳ ಒಂಟಿತನ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. 1971ರಲ್ಲಿ ಸಿಂಬಯೋಸಿಸ್ ಎಂಬ ಶಿಕ್ಷಣ ಸಂಸ್ಥೆ ಹುಟ್ಟಿತು. ಎರಡು ಜೀವಗಳು ಒಂದಕ್ಕೊಂದು ಆಸರೆಯಾಗಿ ಬದುಕುವುದಕ್ಕೆ ಸಸ್ಯಶಾಸ್ತ್ರದಲ್ಲಿರುವ ಹೆಸರು ಅದು. ಮುಜುಮ್ದಾರ್ ಅವರ ಊರು ಗಡಹಿಂಗ್ಲಜ, ಕನ್ನಡ–ಮರಾಠಿ ಎರಡೂ ಕಿವಿಗೆ ಬೀಳುವ ಕೊಲ್ಹಾಪುರ ಜಿಲ್ಲೆಯ ಗಡಿ ಊರು. ಆ ಸಂಸ್ಥೆಯ ಅಂತರರಾಷ್ಟ್ರೀಯ ವ್ಯವಹಾರ ಶಾಲೆ ಇಂದು ಇರುವುದು ಇದೇ ಹಿಂಜವಾಡಿಯಲ್ಲಿ.

ಒಂದು ಸೆಮಿನಾರ್ ಪ್ರಬಂಧ

ಕೋರ್ಸ್‌ವರ್ಕ್ ಎಂದರೆ ನಮ್ಮಲ್ಲಿ ಅನೇಕರಿಗೆ ಹಾಜರಿ, ಪಿಪಿಟಿ, ಒಂದು ಪರೀಕ್ಷೆ. ‘ಅದೊಂದು ಮುಗಿದರೆ ನಿಜವಾದ ಪಿಎಚ್‌.ಡಿ. ಶುರು’ ಎನ್ನುತ್ತಾರೆ. ಹಾಗನ್ನುವವರ ಮುಂದೆ ನಾನು ಒಂದು ದಿನಾಂಕ ಇಡುತ್ತೇನೆ. 1916ರ ಮೇ 9.

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ. ಮಾನವಶಾಸ್ತ್ರದ ಅಧ್ಯಾಪಕ ಗೋಲ್ಡನ್‌ವೈಸರ್ ಅವರ ಸೆಮಿನಾರ್ ತರಗತಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಬಂದ 25 ವರ್ಷದ ಯುವಕ ಎದ್ದುನಿಂತು ‘ಭಾರತದಲ್ಲಿ ಜಾತಿಗಳು’ ಎಂಬ ಪ್ರಬಂಧ ಓದುತ್ತಾನೆ. ಭೀಮರಾವ್ ಅಂಬೇಡ್ಕರ್ ಅವರ ಆ ಬರಹ ಕೋರ್ಸ್‌ವರ್ಕ್‌ನ ಒಂದು ಸೆಮಿನಾರ್ ಪ್ರಬಂಧ. ಮರುವರ್ಷ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ನೂರು ವರ್ಷ ದಾಟಿದರೂ ಜಗತ್ತಿನ ತರಗತಿಗಳಲ್ಲಿ ಅದನ್ನು ಓದಿಸುತ್ತಾರೆ.

ಅದರ ಕಟ್ಟಡ ನೋಡಿದರೆ ಕೋರ್ಸ್‌ವರ್ಕ್ ಏನು ಕಲಿಸಬೇಕೆಂಬುದು ಕಣ್ಣಿಗೆ ಕಟ್ಟುತ್ತದೆ. ಮೊದಲು ಅವರು ಜಾತಿಯ ಬಗ್ಗೆ ಅಂದಿನ ನಾಲ್ವರು ಪಂಡಿತರು ಕೊಟ್ಟ ವ್ಯಾಖ್ಯೆಗಳನ್ನು ಮುಂದಿಡುತ್ತಾರೆ: ಫ್ರೆಂಚ್ ವಿದ್ವಾಂಸ ಸೆನಾರ್, ಇಂಗ್ಲಿಷ್ ಅಧಿಕಾರಿಗಳಾದ ನೆಸ್‌ಫೀಲ್ಡ್ ಮತ್ತು ರಿಸ್ಲೆ, ಮುಂದೆ ಪುಣೆಯಲ್ಲಿ ಮರಾಠಿ ಜ್ಞಾನಕೋಶ ಕಟ್ಟಿದ ಶ್ರೀಧರ ವೆಂಕಟೇಶ ಕೇತ್ಕರ್. ಒಂದೊಂದನ್ನೂ ತೂಗಿ, ಎಲ್ಲಿ ಕಡಿಮೆ ಬಿತ್ತು ಎಂದು ತೋರಿಸುತ್ತಾರೆ. ಆಮೇಲೆ ತಮ್ಮ ಮಾತು. ತನ್ನೊಳಗೇ ಮದುವೆಯಾಗುವ ಕಟ್ಟಳೆಯೇ ಜಾತಿಯ ಬೇರು, ಸತಿ, ವಿಧವೆಯ ಮೇಲಿನ ನಿರ್ಬಂಧ, ಬಾಲ್ಯವಿವಾಹ ಇವೆಲ್ಲ ಆ ಕಟ್ಟಳೆಯನ್ನು ಕಾಯುವ ಉಪಾಯಗಳು ಎಂದು ತರ್ಕದಿಂದ ನಿಲ್ಲಿಸುತ್ತಾರೆ.

ತಾನು ಉಂಡ ನೋವಿನ ಒಂದು ಸಾಲೂ ಅಲ್ಲಿಲ್ಲ. ಪ್ರಶ್ನೆ ಮಾತ್ರ ಆ ಬದುಕಿನಿಂದಲೇ ಬಂದದ್ದು. ಊರಿನಿಂದ ಪ್ರಶ್ನೆ ತೆಗೆದುಕೊಂಡು ಹೋಗಿ, ಜಗತ್ತಿನ ಸಲಕರಣೆಗಳಿಂದ ಅದನ್ನು ಬಿಚ್ಚಿ ನೋಡುವ ಕೆಲಸ ಅದು. ಒಳ್ಳೆಯ ಕೋರ್ಸ್‌ವರ್ಕ್ ಎಂದರೆ ನನಗೆ ನೆನಪಾಗುವುದು ಆ ಮೇ ತಿಂಗಳ ತರಗತಿ.

ಅದೇ ಅಂಬೇಡ್ಕರ್ ಮುಂದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಿಎಸ್‌ಸಿ ಮಾಡಿದರು. ಅಮೆರಿಕದಲ್ಲಿ ಕೋರ್ಸುಗಳ ಸುರಿಮಳೆ. ಇಂಗ್ಲೆಂಡಿನಲ್ಲಿ ಗ್ರಂಥಾಲಯ, ಗೈಡ್, ಪ್ರಬಂಧ ಇಷ್ಟೇ. ಡಾಕ್ಟರೇಟಿನ ಎರಡು ಪರಂಪರೆಗಳನ್ನೂ ಒಬ್ಬರೇ ಹಾಯ್ದರು. ಇಂದಿನ ಜಂಟಿ ಕಾರ್ಯಕ್ರಮಗಳು ಬೆಸೆಯಲು ಹೊರಟಿರುವುದು ಇದೇ ಎರಡನ್ನು.

ಕೊಲಂಬಿಯಾದಲ್ಲಿ ಅಂಬೇಡ್ಕರ್ ಓದಿದ ಕೋರ್ಸುಗಳು
ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3. ಜತೆಗೆ ಫ್ರೆಂಚ್ ಮತ್ತು ಜರ್ಮನ್ ಪ್ರಾಥಮಿಕ ಪಾಠ ಒಂದೊಂದು. ಕೂಡಿಸಿದರೆ 60. ಅಲ್ಲಿದ್ದ ಕಾಲ 1913ರಿಂದ 1916.

ವಾಕಡ್‌ನಲ್ಲಿ ಬಸ್ಸಿಳಿಯುವವರು ಬಂದ ಹೆದ್ದಾರಿಯಲ್ಲೇ ನಿಪ್ಪಾಣಿ ಸಿಗುತ್ತದೆ. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಅಲ್ಲಿಗೆ ಬಂದಿದ್ದರು, ದಲಿತ ಸಮುದಾಯದ ಸಮ್ಮೇಳನಕ್ಕೆ. ಕೊಲಂಬಿಯಾದ ತರಗತಿಯಲ್ಲಿ ಬಿಚ್ಚಿಟ್ಟ ಪ್ರಶ್ನೆ ಒಂಬತ್ತು ವರ್ಷಕ್ಕೆ ನಮ್ಮ ಗಡಿಯ ಊರಿಗೆ ಸಭೆಯಾಗಿ ಬಂದಿತ್ತು.

ಪಠ್ಯದೊಳಗೆ ಮೈಸೂರಿನ ತಾಳೆಗರಿ

ಅಂತರರಾಷ್ಟ್ರೀಯ ರಾಜಕಾರಣ ಒಂದು ಓದಿನ ವಿಷಯವಾಗಿ ಕಾಲೂರಿದ್ದು ಮೊದಲ ಮಹಾಯುದ್ಧದ ಸಾವುಗಳ ಮೇಲೆ. 1919ರಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಅದಕ್ಕೆ ಮೊದಲ ಪೀಠ ಸ್ಥಾಪನೆಯಾಯಿತು. ಇನ್ನೊಂದು ಯುದ್ಧವಾಗದಂತೆ ತಡೆಯುವುದು ಹೇಗೆ ಎಂಬುದೇ ಆಗ ಇದ್ದ ಒಂದೇ ಪ್ರಶ್ನೆ. ಇಂದು ಕೋರ್ಸ್‌ವರ್ಕ್‌ನ ಮೊದಲ ಪತ್ರಿಕೆ ಸಾಮಾನ್ಯವಾಗಿ ಸಿದ್ಧಾಂತಗಳದ್ದು. ಬಲವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು, ಸಂಸ್ಥೆಗಳಿಂದ ಸಹಕಾರ ಸಾಧ್ಯ ಎನ್ನುವವರು, ದೇಶಗಳು ತಮ್ಮನ್ನು ತಾವು ಏನೆಂದುಕೊಂಡಿವೆ ಎಂಬುದರಲ್ಲೇ ಎಲ್ಲ ಇದೆ ಎನ್ನುವವರು, ವಸಾಹತಿನ ಗಾಯದಿಂದ ಜಗತ್ತನ್ನು ನೋಡುವವರು.

ಈ ಓದಿನ ಪಟ್ಟಿಯಲ್ಲಿ ಒಂದು ಹೆಸರು ಬಂದಾಗ ಕನ್ನಡದ ವಿದ್ಯಾರ್ಥಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಅದರ ಹೆಸರು ಉಳಿದಿತ್ತು, ಪಠ್ಯ ಇರಲಿಲ್ಲ. ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಪ್ರತಿಯನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. 1919ರಲ್ಲಿ ಜರ್ಮನಿಯ ಮ್ಯಾಕ್ಸ್ ವೆಬರ್ ರಾಜಕಾರಣವನ್ನು ವೃತ್ತಿಯಾಗಿ ಕಾಣುವ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಕೌಟಿಲ್ಯನನ್ನು ಹೆಸರಿಸಿದರು. ಮೈಸೂರಿನ ತಾಳೆಗರಿಯಿಂದ ಮ್ಯೂನಿಕ್‌ನ ಸಭಾಂಗಣದವರೆಗೆ ಹದಿನಾಲ್ಕೇ ವರ್ಷ.

ಪಕ್ಕದ ರಾಜ ಸಹಜವಾಗಿ ಎದುರಾಳಿ, ಅವನಾಚೆಯವನು ಸಹಜವಾಗಿ ಮಿತ್ರ ಎಂಬ ಮಂಡಲದ ಲೆಕ್ಕವನ್ನು ಇಂದಿಗೂ ತರಗತಿಯಲ್ಲಿ ಬಿಡಿಸುತ್ತಾರೆ. ಅದನ್ನು ನಮ್ಮ ಹೆಮ್ಮೆ ಎಂದು ಹಾರ ಹಾಕಿಟ್ಟರೆ ಕೋರ್ಸ್‌ವರ್ಕ್ ಆಗದು. ಗಡಿಯ ಎರಡೂ ಬದಿಗೆ ಬೀಗರಿರುವ ಬೆಳಗಾವಿ, ಸೊಲ್ಲಾಪುರ, ಕಾಸರಗೋಡಿನಂಥ ಕಡೆ ಪಕ್ಕದವನು ಎದುರಾಳಿ ಎಂಬ ಸೂತ್ರ ನಿಲ್ಲುತ್ತದೆಯೇ? ಹೀಗೆ ಕೇಳುವುದಕ್ಕೆ ನಮ್ಮ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚಿನ ಅನುಭವವಿದೆ.

ಹೊಳೆಯ ಕೆಳದಿಕ್ಕಿನವಳು

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನವಳು, ಭೀಮಾ ದಂಡೆಯ ಹಳ್ಳಿ. ಹಿಂಜವಾಡಿಯಲ್ಲಿ ಐದು ವರ್ಷ ಸಾಫ್ಟ್‌ವೇರ್ ಕೆಲಸ. ಈಗ ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕಿದೆ, ತಿಂಗಳಿಗೆ 37,000 ರೂಪಾಯಿ. ಕಂಪನಿಯ ಸಂಬಳ ಬಿಟ್ಟು ಇದಕ್ಕೆ ಬರುವುದು ಮನೆಯಲ್ಲಿ ಸುಲಭದ ಮಾತಲ್ಲ. ಯುರೋಪಿನ ಸಂಸ್ಥೆಯೊಂದರ ಜತೆಗಿನ ಜಂಟಿ ಪಿಎಚ್‌.ಡಿ.ಗೆ ಅರ್ಜಿ ಹಾಕುತ್ತಿದ್ದಾಳೆ. ಸಿನಾಪ್ಸಿಸ್‌ನಲ್ಲಿ ಏನು ಬರೆಯಲಿ ಎಂಬುದೇ ಚಿಂತೆ. ಅಮೆರಿಕ–ಚೀನಾ? ಯುಕ್ರೇನ್ ಯುದ್ಧ? ಎಲ್ಲರೂ ಬರೆಯುವುದು ಅದನ್ನೇ.

ಅವಳು ದಿನವೂ ನೋಡುವ ಮುಳಾ ನದಿ ಪುಣೆಯ ಸಂಗಮದಲ್ಲಿ ಮುಠಾ ನದಿಯನ್ನು ಕೂಡುತ್ತದೆ. ಮುಳಾ–ಮುಠಾ ಒಂದಾಗಿ ದೌಂಡ್ ಕಡೆ ಸಾಗಿ ಭೀಮಾ ಸೇರುತ್ತದೆ. ಭೀಮಾ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಬಿಟ್ಟಷ್ಟು ಮಾತ್ರ ಮುಂದೆ ಹರಿದು, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಗಾಣಗಾಪುರ ದಾಟಿ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಸೇರುತ್ತದೆ. ಹಿಂಜವಾಡಿಯ ಮೇಲೆ ಸುರಿದ ಮಳೆ, ಹಿಂಜವಾಡಿಯ ಚರಂಡಿ, ಎರಡೂ ಹರಿಯುವುದು ಅವಳ ಊರಿನ ದಿಕ್ಕಿಗೇ.

ಬೇಸಿಗೆ ಬಂದರೆ ಉಜನಿಯಿಂದ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಧರಣಿ. 2020ರ ಅಕ್ಟೋಬರ್‌ನಲ್ಲಿ ಅದೇ ಉಜನಿಯಿಂದ ಬಿಟ್ಟ ನೀರು ಭೀಮಾ ತೀರದ ಹಳ್ಳಿಗಳಿಗೆ ನುಗ್ಗಿತ್ತು. ಬೇಕಾದಾಗ ಇಲ್ಲ, ಬೇಡವಾದಾಗ ತಡೆಯಲಾಗದಷ್ಟು. ಕೀಲಿ ಇರುವುದು ಮೇಲಿನವರ ಕೈಯಲ್ಲಿ. ನೈಲ್, ಮೆಕಾಂಗ್, ಬ್ರಹ್ಮಪುತ್ರಾ ಕೆಳದಿಕ್ಕಿನ ಜನರ ಮಾತೂ ಇದೇ. ಬ್ರಸೆಲ್ಸ್‌ನ ತರಗತಿಯಲ್ಲಿ ಈಜಿಪ್ಟಿನ ಸಹಪಾಠಿ ಎದ್ದು ಇಥಿಯೋಪಿಯಾದ ಅಣೆಕಟ್ಟಿನ ಬಗ್ಗೆ ಮಾತಾಡಿದರೆ, ಪುಸ್ತಕ ತೆರೆಯದೆಯೇ ಅರ್ಥವಾಗುವುದು ಅಫಜಲಪುರದವಳಿಗೆ.

ಅರ್ಥವಾದರೆ ಸಾಲದು, ತೋರಿಸಬೇಕು. ಕೋರ್ಸ್‌ವರ್ಕ್ ಬೇಕಾಗುವುದು ಇಲ್ಲಿಂದ.

ಮೊದಲನೆಯದು ಇತಿಹಾಸದ ಪಾಠ. ಅವಳು ದುಡಿಯುವ ಮುಳಶಿ ತಾಲ್ಲೂಕಿನಲ್ಲೇ ಟಾಟಾ ಕಂಪನಿ ಮುಂಬೈಗೆ ವಿದ್ಯುತ್ ಕೊಡಲು ಅಣೆಕಟ್ಟು ಕಟ್ಟಿತು. ಪೂರ್ವಕ್ಕೆ ಹರಿಯಬೇಕಾದ ನೀರನ್ನು ಘಟ್ಟದಿಂದ ಪಶ್ಚಿಮಕ್ಕೆ ಇಳಿಸಿ ಭಿರಾದಲ್ಲಿ ವಿದ್ಯುತ್ ತೆಗೆದರು. ಮುಳುಗಡೆಯಾಗುವ ಹಳ್ಳಿಗಳ ಮಾವಳೆ ರೈತರು 1921ರಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಮುಂದಾಳು ಪಾಂಡುರಂಗ ಮಹಾದೇವ ಬಾಪಟ್ ಸೆರೆಮನೆ ಕಂಡರು, ಜನ ಅವರನ್ನು ಸೇನಾಪತಿ ಎಂದು ಕರೆದರು. ರೈತರು ಸೋತರು, ಅಣೆಕಟ್ಟು ನಿಂತಿತು. ಪುಣೆ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ರಾಜೇಂದ್ರ ವೋರಾ ಅದರ ಕುರಿತು ಬರೆದ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲೇ ಅದನ್ನು ಜಗತ್ತಿನ ಮೊದಲ ಅಣೆಕಟ್ಟು ವಿರೋಧಿ ಚಳವಳಿ ಎಂದು ಕರೆದರು. ಒಂದು ತಾಲ್ಲೂಕಿನ ದಫ್ತರಗಳಿಂದ ಜಗತ್ತಿಗೆ ಹೇಳುವ ಮಾತು ಹೊರಡಿಸಿದ ಆ ಕೆಲಸವನ್ನು ಈ ಹುಡುಗಿ ಮೊದಲ ಸೆಮಿಸ್ಟರಿನಲ್ಲೇ ಓದಲಿ ಎಂದು ನನ್ನ ಆಸೆ. ಅಷ್ಟು ಹತ್ತಿರದ ಮಾದರಿ ಬೇರೆಲ್ಲಿ ಸಿಗುತ್ತದೆ?

ಎರಡನೆಯದು ಕಾನೂನು. ಅಲ್ಲಿ ಅವಳಿಗೆ ಮಂಗಳೂರಿನವರೊಬ್ಬರು ಎದುರಾಗುತ್ತಾರೆ. 1887ರಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದು ನಾವು ಅವರನ್ನು ನೆನೆಯುತ್ತೇವೆ. ಅದಕ್ಕೂ ಮೊದಲು ಅವರು ಒಂದು ನದಿಯ ಜಗಳ ಬಿಡಿಸಲು ಕೂತಿದ್ದರು. ಮೇಲ್ದಿಕ್ಕಿನ ಪಂಜಾಬ್ ಅಣೆಕಟ್ಟು ಕಟ್ಟಿದರೆ ನಮ್ಮ ಗತಿಯೇನು ಎಂದು ಕೆಳದಿಕ್ಕಿನ ಸಿಂಧ್ ದೂರಿದಾಗ 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ರಾವ್ ಅಧ್ಯಕ್ಷರು. ನದಿ ಹರಿಯುವ ಪ್ರಾಂತಗಳೆಲ್ಲಕ್ಕೂ ನ್ಯಾಯವಾದ ಪಾಲು ಸಿಗಬೇಕು ಎಂಬ ತತ್ತ್ವದ ಮೇಲೆ ಆ ವರದಿ ನಿಂತಿತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರೂ ಅವರೇ. ಕೊನೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು.

ಗಡಿ ದಾಟುವ ನದಿಗಳಿಗಾಗಿ ವಿಶ್ವಸಂಸ್ಥೆ ಒಪ್ಪಂದವೊಂದನ್ನು ಅಂಗೀಕರಿಸಿದ್ದು 1997ರಲ್ಲಿ. ಅದು ಜಾರಿಗೆ ಬರಲು 2014ರವರೆಗೆ ಕಾಯಬೇಕಾಯಿತು. ಮತದಾನದಲ್ಲಿ ಭಾರತ ತಟಸ್ಥವಾಗಿತ್ತು. ಏಕೆ ಹಾಗೆ ಮಾಡಿತು ಎಂಬುದೊಂದರಲ್ಲೇ ಒಂದು ಸೆಮಿನಾರ್ ಪ್ರಬಂಧಕ್ಕೆ ಸಾಕಾಗುವಷ್ಟು ಆಳವಿದೆ. ನಾವು ಒಂದು ದಿಕ್ಕಿನಲ್ಲಿ ಮೇಲಿನವರು, ಇನ್ನೊಂದು ದಿಕ್ಕಿನಲ್ಲಿ ಕೆಳಗಿನವರು.

ಮೂರನೆಯದು ಸಂಶೋಧನಾ ವಿಧಾನ. ನನ್ನ ಕಣ್ಣಿಗೆ ಇದೇ ಕೋರ್ಸ್‌ವರ್ಕ್‌ನ ಜೀವ, ನಮ್ಮಲ್ಲಿ ಹೆಚ್ಚು ಸೊರಗಿರುವುದೂ ಇದೇ. ನಾನು ಕಂಡ ಒಂದು ವಿಶ್ವವಿದ್ಯಾಲಯದಲ್ಲಿ ಈ ಪತ್ರಿಕೆಯನ್ನು ಹಳೆಯ ನೋಟ್ಸ್ ಓದಿಹೇಳಿ ಮುಗಿಸಿದ್ದರು. ಪ್ರಾಕ್ಕಲ್ಪನೆ ಎಂಬ ಪದದ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ, ಒಂದನ್ನು ಕಟ್ಟಿ ಪರೀಕ್ಷಿಸಿದವರು ಒಬ್ಬರೂ ಇರಲಿಲ್ಲ. ಆ ಮಕ್ಕಳ ವರ್ಷ ಹಾಳಾದದ್ದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟನ್ನೇ ತೆಗೆದುಕೊಳ್ಳಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದವು, ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳೂ ಮುಳುಗಿದವು. ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಮಾತು ಮಹಾರಾಷ್ಟ್ರದಲ್ಲಿ ಎದ್ದಿತು. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಈ ವಾದ ಮರಳಿ ಬರುತ್ತದೆ. ಕರ್ನಾಟಕದವರು ಇಲ್ಲ ಎನ್ನುತ್ತಾರೆ, ಸಾಂಗ್ಲಿಯವರು ಹೌದೆನ್ನುತ್ತಾರೆ. ಅವರವರ ಊರು ಹೇಳಿದರೆ ಉತ್ತರ ಗೊತ್ತಾಗಿಬಿಡುತ್ತದೆ.

ಕೋರ್ಸ್‌ವರ್ಕ್ ಮುಗಿಸಿದವಳು ಊರು ಕೇಳುವುದಿಲ್ಲ, ಗಂಟೆ ಕೇಳುತ್ತಾಳೆ. ಹಿನ್ನೀರು ಕಾರಣವಾದರೆ ಮೊದಲು ಆಲಮಟ್ಟಿಯ ಕಡೆ ಮಟ್ಟ ಏರಬೇಕು, ಆಮೇಲೆ ಹಿಪ್ಪರಗಿ, ಆಮೇಲೆ ಮೇಲಕ್ಕೆ. ಸಾಂಗ್ಲಿಯ ಇರ್ವಿನ್ ಸೇತುವೆಯ ಮಾಪಕದಲ್ಲಿ ನೀರೇರಿದ್ದು ಯಾವಾಗ? ಕೊಯ್ನಾದಲ್ಲಿ ಮಳೆ ಬಿದ್ದದ್ದು ಎಷ್ಟು, ಬಿಟ್ಟದ್ದು ಯಾವಾಗ? ನಡುವೆ ಹೊಳೆಯ ಪಾತ್ರ ಎಲ್ಲೆಲ್ಲಿ ಒತ್ತುವರಿಯಾಗಿದೆ? ಕಾರಣದಿಂದ ಪರಿಣಾಮದವರೆಗೆ ಒಂದೊಂದು ಕೊಂಡಿಯನ್ನೂ ಮುಟ್ಟಿ ನೋಡುವ ಈ ವಿಧಾನ ಜಗತ್ತಿನ ಯಾವ ಒಳ್ಳೆಯ ರಾಜ್ಯಶಾಸ್ತ್ರ ವಿಭಾಗದಲ್ಲೂ ಕಲಿಸುವಂಥದ್ದು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ 2020ರ ವರದಿಯಲ್ಲಿ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ಹೇಳಿತು. ಜಗಳ ಆದರೂ ನಿಂತಿಲ್ಲ. ಪುರಾವೆ ಬಂದ ಮೇಲೂ ನಂಬಿಕೆ ಕದಲದಿರುವುದು ಏಕೆ ಎಂಬುದು ರಾಜಕಾರಣದ ವಿದ್ಯಾರ್ಥಿಗೆ ಮುಂದಿನ ಪ್ರಶ್ನೆ. ಆ ಪ್ರಶ್ನೆಗೆ ಕನ್ನಡವೂ ಮರಾಠಿಯೂ ಬರುವವರು ಬೇಕು.

ಭಾರತದಲ್ಲಿ ಕೋರ್ಸ್‌ವರ್ಕ್: ನಿಯಮ ಏನೆನ್ನುತ್ತದೆ?
ಯುಜಿಸಿ ಕೋರ್ಸ್‌ವರ್ಕ್ ಕಡ್ಡಾಯ ಮಾಡಿದ್ದು 2009ರ ನಿಯಮಗಳಲ್ಲಿ. 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್, ಮುಂದುವರಿಯಲು ಕನಿಷ್ಠ ಶೇ 55 ಅಂಕ. ‘ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ’ ಕಡ್ಡಾಯ, ಅದು 2 ಕ್ರೆಡಿಟ್, 30 ಗಂಟೆಯ ಪಾಠ. ಪಿಎಚ್‌.ಡಿ. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಎರಡು ವರ್ಷದ ರಿಯಾಯಿತಿ ಇದೆ.

ಯಾವ ಭಾಷೆಯಲ್ಲಿ ಯೋಚಿಸಬೇಕು?

ಜಂಟಿ ಕಾರ್ಯಕ್ರಮಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ಬೇಡವೆನ್ನಲಾಗದು. ಯೋಚನೆಯ ಸಾಮಗ್ರಿ ಮಾತ್ರ ತಾಯ್ನುಡಿಯಲ್ಲಿ ಎಷ್ಟೋ ಬಾರಿ ಹೆಚ್ಚು ಖಚಿತವಾಗಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರಾಯಚೂರು ಕಡೆಯ ರೈತ ‘ನಾವು ಕೊನೆಭಾಗದವರು’ ಎನ್ನುತ್ತಾನೆ. ಅವನ ಆ ಒಂದು ಮಾತಿನಲ್ಲಿ ಭೂಗೋಳ, ಬಲಾಬಲ, ಇಂಜಿನಿಯರನ ಕಚೇರಿಗೆ ಅಲೆದ ದಿನಗಳು, ರಾತ್ರಿ ತೂಬು ಕಾಯ್ದ ನಿದ್ದೆಗೇಡು ಎಲ್ಲ ಕೂತಿದೆ. ‘ಕೆಳದಂಡೆಯ ರಾಷ್ಟ್ರ’ ಎಂಬ ಪರಿಭಾಷೆಗೆ ಅಷ್ಟು ತೂಕವಿಲ್ಲ. ಬಾಂಗ್ಲಾದೇಶ ಜಗತ್ತಿನ ಕಾಲುವೆಯ ಕೊನೆಭಾಗದ ರೈತ ಎಂದು ನೋಡಿದರೆ ಅದರ ರಾಜತಾಂತ್ರಿಕತೆ ಬೇರೆಯಾಗಿ ಕಾಣುತ್ತದೆ.

ಈ ದಾರಿಯಲ್ಲಿ ನಡೆದವರು ನಮ್ಮಲ್ಲಿದ್ದರು. ಪುಣೆಯ ಗೋಪಾಲಕೃಷ್ಣ ಗೋಖಲೆಯವರನ್ನು ರಾಜಕೀಯದಲ್ಲಿ ಆದರ್ಶವಾಗಿ ಕಂಡ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, ಕನ್ನಡದಲ್ಲಿ ರಾಜ್ಯಶಾಸ್ತ್ರ ಬರೆದರು. ಕಾಲೇಜು ಪದವಿ ಇಲ್ಲದ ಅವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ಪುಣೆಯಲ್ಲಿ 1930ರಿಂದ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆ ಇದೆ. ಒಬ್ಬನೇ ಮನುಷ್ಯನ ನೆನಪಿನಲ್ಲಿ ಎರಡು ಊರು, ಎರಡು ನುಡಿ. ಇವೆರಡರ ನಡುವೆ ಒಂದು ಜಂಟಿ ಸೆಮಿನಾರ್, ಕನ್ನಡ–ಮರಾಠಿ ಎರಡರಲ್ಲೂ, ಕೃಷ್ಣಾ ಕಣಿವೆಯ ಬಗ್ಗೆ ನಡೆದರೆ ಎಷ್ಟು ಚೆನ್ನ! ಅದಕ್ಕೆ ವೀಸಾ ಬೇಕಿಲ್ಲ, ವಿದೇಶಿ ವಿನಿಮಯ ಬೇಕಿಲ್ಲ, ರಾತ್ರಿಯ ಒಂದು ಬಸ್ಸು ಸಾಕು.

ನಮ್ಮ ಹುಡುಗಿ ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಸಿನಾಪ್ಸಿಸ್ ತಿದ್ದುತ್ತಿದ್ದಾಳೆ. ಮೂರು ದಿನದಿಂದ ಮುಳಶಿಯಲ್ಲಿ ಜೋರು ಮಳೆ. ಸಂಜೆ ಕೆಲಸ ಮುಗಿಸಿ ಬಾಲೇವಾಡಿ ಕಡೆ ಬಂದವಳು ಸೇತುವೆಯ ಮೇಲೆ ನಿಲ್ಲುತ್ತಾಳೆ. ಮುಳಾ ಕೆಂಪಾಗಿದೆ, ದಂಡೆಯ ಗಿಡಗಳು ಅರ್ಧ ಮುಳುಗಿವೆ. ಊರಿಗೆ ಫೋನ್ ಹಚ್ಚುತ್ತಾಳೆ.

‘ಅವ್ವಾ, ಹೊಳಿ ಎಲ್ಲೀತನಾ ಬಂದದ?’

‘ನಿನ್ನಿ ರಾತ್ರಿ ಬಿಟ್ಟಾರಂತ. ಗುಡಿ ಮೂರನೇ ಮೆಟ್ಟಿಲ ಮುಳಗ್ಯದ ನೋಡವ್ವಾ. ನಸುಕಿನ್ಯಾಗ ಐದನೇದು ಇತ್ತು.’

ಅವಳು ನೋಟ್‌ಬುಕ್ ತೆಗೆದು ದಿನಾಂಕ ಬರೆಯುತ್ತಾಳೆ. ಅದರ ಮುಂದೆ ಗಂಟೆ, ಅದರ ಮುಂದೆ ಮೆಟ್ಟಿಲು. ಕೆಳಗಿನ ಸಾಲಿನಲ್ಲಿ, ಉಜನಿಯಿಂದ ನೀರು ಬಿಟ್ಟ ಹೊತ್ತಿಗೆ ಜಾಗ ಖಾಲಿ ಬಿಡುತ್ತಾಳೆ, ನಾಳೆ ಕೇಳಿ ತುಂಬುವುದಕ್ಕೆ.